ಬಾಲಚರರಿಗೆ ಈ ವಾರ ಏನು ಕಾರ್ಯಕ್ರಮ?

ಪಾಠಶಾಲೆಗಳಲ್ಲಿ ಬಾಲಚರ ದಳವನ್ನು ನಡೆಸತಕ್ಕ ಉಪಾಧ್ಯಾಯರನ್ನು ಶುಕ್ರವಾರ ಸಾಯಂಕಾಲ ಮಾತನಾಡಿಸಿ ನೋಡಿರಿ. ಅವರಿಗೆ ಒಂದೇ ಚಿಂತೆ: ನಾಳೆ ಹುಡುಗರಿಂದ ಏನು ಮಾಡಿಸುವುದು? ಸಮವಸ್ತ್ರ ಉಂಟು, ಬಾವುಟ ಉಂಟು, ಕೋಲುಗಳುಂಟು, ಹುಡುಗರೂ ಉಂಟು; ಕಾರ್ಯಕ್ರಮವೊಂದಿಲ್ಲ. ಇಂಥ ಸಮಯದಲ್ಲಿ ಅನಾಯಾಸವಾಗಿ ಒದಗುವುದು ಕವಾಯತು. ಸಾಲಾಗಿ ನಿಲ್ಲಿಸಿ ಎಡಕ್ಕೂ ಬಲಕ್ಕೂ ತಿರುಗಿಸಿದರೆ ಅರ್ಧ ಗಂಟೆ ಕಳೆಯುತ್ತದೆ. ಗಂಟು ಹಾಕುವುದನ್ನು ಮತ್ತೊಮ್ಮೆ ತೋರಿಸಿದರೆ ಇನ್ನರ್ಧ ಗಂಟೆ. ಹೀಗೆ ಮೂರು ವಾರ ನಡೆದರೆ ನಾಲ್ಕನೆಯ ವಾರ ಹುಡುಗರು ಬರುವುದಿಲ್ಲ. ಅವರಿಗೆ ಶ್ರದ್ಧೆಯಿಲ್ಲವೆಂದು ನಾವು ದೂರುತ್ತೇವೆ. ಶಾಲೆಯ ಗಂಟೆ ಹೊಡೆದ ಮೇಲೂ ಶಾಲೆಯನ್ನೇ ಮುಂದುವರಿಸಿದರೆ ತಪ್ಪಿಸಿಕೊಳ್ಳುವುದು ಹುಡುಗರ ಅಪರಾಧವೆಂದು ನನಗೆ ತೋರುವುದಿಲ್ಲ.

ಈ ಕಷ್ಟಕ್ಕೆ ಪರಿಹಾರವನ್ನು ಬಯಸುವವರು ಸಾಮಾನ್ಯವಾಗಿ ಇಂಗ್ಲಿಷ್ ಕೈಪಿಡಿಗಳನ್ನು ತರಿಸುತ್ತಾರೆ. ಅವು ಒಳ್ಳೆಯ ಪುಸ್ತಕಗಳೇ ಸರಿ. ಆದರೆ ನಮ್ಮ ಹುಡುಗನು ಕಂಡರಿಯದ ಓಕ್ ಮರದ ಎಲೆಯನ್ನೂ ಹಿಮದ ಮೇಲಿನ ಮೊಲದ ಹೆಜ್ಜೆಯನ್ನೂ ಪುಸ್ತಕದಿಂದ ಉರು ಹೊಡೆಸಿದರೆ ಅದು ಭೂಗೋಳದ ಪಾಠವಾದೀತೇ ಹೊರತು ಬಾಲಚರ ವಿದ್ಯೆಯಾಗದು. ಇದನ್ನು ಬಿಟ್ಟು, ಈ ಚಳವಳಿಯನ್ನು ಹುಟ್ಟಿಸಿದ ಬೇಡನ್ ಪೊವೆಲ್ ತಮ್ಮ ಕಾರ್ಯಕ್ರಮವನ್ನು ಎಲ್ಲಿಂದ ತಂದರೆಂದು ವಿಚಾರಿಸುವುದು ಹೆಚ್ಚು ಪ್ರಯೋಜನಕರ.

ಅವರು ಮುಖ್ಯವಾಗಿ ಒಬ್ಬ ಸಂಗ್ರಾಹಕರು. ಕುದುರೆ ಸವಾರರ ದಳದ ಅಧಿಕಾರಿಯಾಗಿ 1876ರಲ್ಲಿ ಲಖ್ನೋಗೆ ಬಂದವರು, 1897ರಿಂದ ಎರಡು ವರ್ಷ ಮೀರತ್ತಿನಲ್ಲಿದ್ದಾಗ ಸಿಪಾಯಿಗಳಿಗೆ ಹೆಜ್ಜೆ ಹಿಡಿದು ಹೋಗುವುದನ್ನೂ ಕಂಡದ್ದನ್ನು ಸರಿಯಾಗಿ ವರದಿ ಮಾಡುವುದನ್ನೂ ಕಲಿಸಿದರು. ಅದರ ಫಲವಾಗಿ 1899ರಲ್ಲಿ ಒಂದು ಪುಸ್ತಕ ಹೊರಬಂದಿತು. ಅದೇ ವರ್ಷ ದಕ್ಷಿಣ ಆಫ್ರಿಕದ ಮಾಫೆಕಿಂಗ್ ಪಟ್ಟಣಕ್ಕೆ ಮುತ್ತಿಗೆ ಬಿದ್ದು 217 ದಿವಸ ನಡೆಯಿತು. ಊರಿನ ಹುಡುಗರು ಆಗ ಸುದ್ದಿ ಒಯ್ಯುವ ಕೆಲಸವನ್ನು ಅಂಜದೆ ಮಾಡಿದ್ದನ್ನು ಅವರು ಕಣ್ಣಾರೆ ಕಂಡರು. ವನವಿದ್ಯೆಯ ಅಂಶಗಳನ್ನು ಅಮೆರಿಕದ ಅರ್ನೆಸ್ಟ್ ಥಾಂಪ್ಸನ್ ಸೀಟನ್ನರಿಂದ ತೆಗೆದುಕೊಂಡರು. ಸೀಟನ್ನರು 1902ರಲ್ಲಿಯೇ ಹುಡುಗರ ಗುಂಪುಗಳನ್ನು ಕಟ್ಟಿದ್ದರು. ಕಿಪ್ಲಿಂಗನ 'ಕಿಮ್' ಕಾದಂಬರಿಯಿಂದ ಒಂದು ಆಟವನ್ನೇ ಎತ್ತಿಕೊಂಡರು. 1916ರಲ್ಲಿ ಚಿಕ್ಕ ಹುಡುಗರಿಗೆಂದು ತೋಳದ ಮರಿಗಳ ಶಾಖೆಯನ್ನು ತೆರೆದಾಗ ಅದೇ ಲೇಖಕನ 'ಜಂಗಲ್ ಬುಕ್' ಒದಗಿ ಬಂದಿತು. ಅದರ ಕಾಡು ನಮ್ಮ ಮಧ್ಯಪ್ರದೇಶದ ಸಿವನಿ ಸೀಮೆಯದು. ಮುಂದಾಳು ತೋಳದ ಹೆಸರು ಅಕೇಲಾ, ಅಪ್ಪಟ ಹಿಂದೀ ಮಾತು.

ಹೀಗೆ ಕೂಡಿಸಿದ್ದನ್ನು ಅವರು 1907ರ ಆಗಸ್ಟಿನಲ್ಲಿ ಇಂಗ್ಲೆಂಡಿನ ಬ್ರೌನ್‌ಸೀ ದ್ವೀಪದಲ್ಲಿ ಸುಮಾರು ಇಪ್ಪತ್ತು ಹುಡುಗರೊಡನೆ ಪರೀಕ್ಷಿಸಿ ನೋಡಿದರು. ಸಿರಿವಂತರ ಶಾಲೆಯ ಮಕ್ಕಳೂ ಕೂಲಿಕಾರರ ಮಕ್ಕಳೂ ಅಲ್ಲಿ ಕೂಡಿದ್ದರು. ದಿನಕ್ಕೊಂದು ವಿಷಯ: ಒಂದು ದಿನ ಅವಲೋಕನ, ಒಂದು ದಿನ ವನವಿದ್ಯೆ, ಇನ್ನೊಂದು ದಿನ ಪ್ರಾಣರಕ್ಷಣೆ. ರಾತ್ರಿ ಬೆಂಕಿಯ ಸುತ್ತ ಕುಳಿತಾಗ ಆ ವಿಷಯವನ್ನು ಕುರಿತ ಕಥೆ. ಆ ಮೇಲೆ ಅದರ ಅಭ್ಯಾಸ. ಅಭ್ಯಾಸವಾದುದನ್ನು ಒರೆಗೆ ಹಚ್ಚುವ ಆಟ. ಮರುವರ್ಷ ನಾಲ್ಕು ಪೆನ್ನಿ ಬೆಲೆಯ ಆರು ಸಂಚಿಕೆಗಳಾಗಿ ಬಂದ ಅವರ ಪ್ರಸಿದ್ಧ ಗ್ರಂಥದ ಹಿಂದೆ ಇರುವುದು ಈ ಅನುಭವ. ನಾವು ಎರವು ತರಬೇಕಾದದ್ದು ಈ ಕ್ರಮವನ್ನು. ಅದರೊಳಗೆ ತುಂಬುವ ಸಾಮಗ್ರಿ ನಮ್ಮಲ್ಲಿಯೇ ಬೇಕಾದಷ್ಟಿದೆ.

ಒಂದು ಉದಾಹರಣೆಯನ್ನು ಕೊಡುತ್ತೇನೆ. ವಿಷಯ ಅವಲೋಕನವೆಂದಿಟ್ಟುಕೊಳ್ಳೋಣ. ಕಥೆಗೆ ಸುಂದರಕಾಂಡವನ್ನು ಮೀರಿಸಿದ್ದು ಯಾವುದು? ಪರಸ್ಥಳಕ್ಕೆ ಒಂಟಿಯಾಗಿ ಹೋಗಿ, ರಾತ್ರಿಯಲ್ಲಿ ಊರೆಲ್ಲ ಶೋಧಿಸಿ, ದುಡುಕದೆ ಮರದ ಮರೆಯಲ್ಲಿ ಕುಳಿತು ನೋಡಿದ ಹನುಮಂತನಿಗಿಂತ ದೊಡ್ಡ ಚರನಿಲ್ಲ. ಹಿಂದಿರುಗಿದವನು ಸೀತೆಯನ್ನು ಕಂಡ ಮುಖ್ಯ ಸುದ್ದಿಯನ್ನು ಮೊದಲು ತಿಳಿಸಿ, ವಿವರವನ್ನು ಅನಂತರ ಹೇಳಿದನು. ವರದಿ ಮಾಡುವ ಕಲೆಗೆ ಇದಕ್ಕಿಂತ ಬೇರೆ ಪಾಠ ಬೇಡ. ಅಭ್ಯಾಸಕ್ಕೆ ಕೆರೆಯ ದಡ. ಲಾಳ ಕಟ್ಟಿದ ಎತ್ತಿನ ಗೊರಸು, ನಾಯಿಯ ಹೆಜ್ಜೆ, ಕೊಕ್ಕರೆಯ ಕಾಲಿನ ಗುರುತು ಕೆಸರಿನಲ್ಲಿ ಅಚ್ಚೊತ್ತಿರುತ್ತವೆ. ಓಡಿದ ಮನುಷ್ಯನ ಹೆಜ್ಜೆಯಲ್ಲಿ ಬೆರಳಿನ ಕಡೆ ಹೆಚ್ಚು ಆಳವಾಗಿರುವುದನ್ನು ಹುಡುಗರು ತಾವೇ ಓಡಿ ನೋಡಿ ಕಂಡುಕೊಳ್ಳಲಿ. ಕಡೆಗೆ ಕಿಮ್ಮನ ಆಟ. ತಟ್ಟೆಯಲ್ಲಿ ಇಪ್ಪತ್ತು ಮೂವತ್ತು ಸಣ್ಣ ವಸ್ತುಗಳನ್ನಿಟ್ಟು, ಒಂದು ನಿಮಿಷ ತೋರಿಸಿ, ಮುಚ್ಚಿ, ನೆನಪಿದ್ದುದನ್ನು ಬರೆಸುವುದು. ಕಾದಂಬರಿಯಲ್ಲಿ ಈ ಆಟ ನಡೆಯುವುದು ಸಿಮ್ಲಾದ ಒಂದು ಅಂಗಡಿಯಲ್ಲಿ. ಗೆಲ್ಲುವವನು ಕಿಮ್ಮನಲ್ಲ, ಒಬ್ಬ ಹಿಂದೂ ಹುಡುಗ. ತಟ್ಟೆಗೆ ಮೆಂತ್ಯ, ಲವಂಗ, ಹುಣಿಸೇಬೀಜ, ಮೊಳೆ, ಗುಂಡಿ ಇವು ಧಾರಾಳವಾಗಿ ಸಾಕು.

ಲೆಕ್ಕದ ಮೇಷ್ಟರ ಸಹಾಯವನ್ನೂ ಪಡೆಯಬಹುದು. ಆರಡಿ ಕೋಲಿನ ನೆರಳು ನಾಲ್ಕಡಿಯಿರುವ ವೇಳೆಯಲ್ಲಿ ತೆಂಗಿನ ಮರದ ನೆರಳು 40 ಅಡಿಯಾದರೆ ಮರ 60 ಅಡಿ. ತ್ರೈರಾಶಿಯನ್ನು ಕಂಡರೆ ಬೆದರುವ ಹುಡುಗನೂ ಮರದ ಕೆಳಗೆ ಅದನ್ನು ಬೇಗ ಗ್ರಹಿಸುತ್ತಾನೆ.

ಪುಸ್ತಕಗಳಿಗಿಂತ ಮನುಷ್ಯರು ದೊಡ್ಡ ಭಂಡಾರ. ಹಗ್ಗದ ವಿದ್ಯೆಯನ್ನು ಚಿತ್ರ ನೋಡಿ ಕಲಿಸುವ ಬದಲು, ಬಾವಿಯಿಂದ ಬಿಂದಿಗೆ ತೆಗೆಯುವವನನ್ನೋ ಗಾಡಿಗೆ ಹೇರು ಬಿಗಿಯುವವನನ್ನೋ ಕರೆಯಿರಿ. ಜೀರುಗುಣಿಕೆ ಎಲ್ಲಿ ಬೇಕು, ಬಿಗಿಯದ ಕುಣಿಕೆ ಎಲ್ಲಿ ಬೇಕೆಂಬುದು ಅವನಿಗೆ ಕೈಗತವಾಗಿರುತ್ತದೆ. ಕಾವೇರಿಯ ಹರಗೋಲಿನ ಅಂಬಿಗ, ಆಸ್ಪತ್ರೆಯ ಕಂಪೌಂಡರು, ತೋಟದ ಮಾಲಿ, ಇವರಲ್ಲಿ ಯಾರೂ ಕರೆದರೆ ಬಾರೆನೆನ್ನುವವರಲ್ಲ. ಓದಿದ ನಾವು ಕರೆಯಲು ಸಂಕೋಚಪಡುತ್ತೇವೆ, ಅಷ್ಟೆ.

ನಮ್ಮ ದೇಶದಲ್ಲಿ ಮೊದಲನೆಯ ದಳ 1909ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿತು. ಅದು ಐರೋಪ್ಯ ಮತ್ತು ಆಂಗ್ಲೋ ಇಂಡಿಯನ್ ಹುಡುಗರಿಗಾಗಿ ಏರ್ಪಟ್ಟದ್ದು. ಭಾರತೀಯ ಬಾಲಕರಿಗಾಗಿ ಆನಿ ಬೆಸೆಂಟರೂ, ಮದನಮೋಹನ ಮಾಳವೀಯ ಮತ್ತು ಹೃದಯನಾಥ ಕುಂಜ್ರು ಅವರೂ ಬೇರೆ ಸಂಘಗಳನ್ನು ಕಟ್ಟಬೇಕಾಯಿತು. ಬೆಸೆಂಟರ ಬಾಲಚರರು ರುಮಾಲು ಸುತ್ತಿ ಭಾರತೀಯ ಹಾಡುಗಳನ್ನು ಹಾಡಿದರು. 1950ರ ನವೆಂಬರ್ 7ರಂದು ಭಾರತ್ ಸ್ಕೌಟ್ಸ್ ಅಂಡ್ ಗೈಡ್ಸ್ ಸಂಸ್ಥೆ ಏರ್ಪಟ್ಟಿತು. ಹೆಸರೂ ಬಾವುಟವೂ ನಮ್ಮವಾದುವು. ಶನಿವಾರದ ಕಾರ್ಯಕ್ರಮವನ್ನು ನಮ್ಮದಾಗಿ ಮಾಡುವ ಭಾರ ಮಾತ್ರ ಯಾವ ಸಂಸ್ಥೆಯದೂ ಅಲ್ಲ, ಸ್ಕೌಟುಮಾಸ್ತರರದು.

ಅವರೂ ಒಬ್ಬರೇ ಹೊರಬೇಕಾಗಿಲ್ಲ. ಕಾರ್ಯಕ್ರಮ ತೋಚದಿದ್ದಾಗ ಹುಡುಗರನ್ನೇ ಕೇಳಬೇಕೆಂದು ಬೇಡನ್ ಪೊವೆಲ್ ಸ್ಪಷ್ಟವಾಗಿ ಹೇಳಿದ್ದಾರೆ. ಆರೆಂಟು ಹುಡುಗರ ಪೆಟ್ರೋಲು, ಅದಕ್ಕೊಬ್ಬ ನಾಯಕ, ನಾಯಕರೆಲ್ಲರ ಒಂದು ಸಭೆ: ಈ ಏರ್ಪಾಡು ಅದಕ್ಕಾಗಿಯೇ ಇದೆ. ತಿಂಗಳಿಗೊಮ್ಮೆ ಆ ಸಭೆಯನ್ನು ಕರೆದು, ಕಳೆದ ತಿಂಗಳಲ್ಲಿ ಯಾವುದು ಬೇಸರವಾಯಿತೆಂದು ಮೊದಲು ಕೇಳಿರಿ. ನಮ್ಮ ಹುಡುಗರು ಗುರುಗಳ ಮುಂದೆ ಬೇಸರವನ್ನು ಬಾಯಿಬಿಟ್ಟು ಹೇಳುವವರಲ್ಲ. ಆದುದರಿಂದ ಹೆಸರಿಲ್ಲದ ಚೀಟಿಗಳಲ್ಲಿ ಬರೆಸುವುದು ಲೇಸು. ಆ ಚೀಟಿಗಳನ್ನು ಒಂದು ನೋಟುಪುಸ್ತಕದಲ್ಲಿ ಅಂಟಿಸಿ, ಪಕ್ಕದಲ್ಲಿ ಆಟಗಳು, ಕಥೆಗಳು, ಕರೆಯಬಹುದಾದ ಜನರ ಹೆಸರು, ನಡೆದುಹೋಗಬಹುದಾದ ಸ್ಥಳಗಳು ಇವನ್ನು ಗುರುತುಮಾಡಿಕೊಂಡರೆ ಒಂದು ವರ್ಷದಲ್ಲಿ ಆ ಊರಿಗೆ ತಕ್ಕ ಕೈಪಿಡಿ ತಾನೇ ಸಿದ್ಧವಾಗುತ್ತದೆ. ಕಡೆಯ ಪುಟವನ್ನು ಮಳೆಗೆಂದು ಬಿಟ್ಟಿರಿ. ಜಗುಲಿಯ ಮೇಲೆ ನಡೆಸಬಹುದಾದ ನಾಲ್ಕು ಕಾರ್ಯಕ್ರಮಗಳು ಅಲ್ಲಿರಬೇಕು. ಕೆರೆಗೆ ಹೊರಟ ದಿನವೇ ಮಳೆ ಹಿಡಿಯುವುದು ನಮ್ಮ ಕಡೆಯ ಆಷಾಢದ ವಾಡಿಕೆ.