ಕಲಿಕೆಗಾಗಿ ಒಂದು ಕಿರು ಜಾಲಚೌಕಟ್ಟು

ಜಾಲತಾಣದ ಮರ್ಮವನ್ನು ವಿದ್ಯಾರ್ಥಿಗಳಿಗೆ ಬೋಧಿಸಲು ಸಿದ್ಧ ಫ್ರೇಮ್‌ವರ್ಕಿಗಿಂತ ಅವರೇ ಕಟ್ಟಿದ ಕಿರುಚೌಕಟ್ಟು ಮೇಲು. ಅದರ ಕೆಲಸಗಳು ಮೂರೇ: ಬ್ರೌಸರಿನ ಕೋರಿಕೆಯನ್ನು ಓದುವುದು, ಕೋರಿದ ವಿಳಾಸಕ್ಕೆ ತಕ್ಕ ಕಾರ್ಯವನ್ನು ಪಟ್ಟಿಯಲ್ಲಿ ಹುಡುಕಿ ನಡೆಸುವುದು, ಉತ್ತರವನ್ನು ಅದರ ಅಳತೆಯೊಡನೆ ಕಳುಹಿಸುವುದು.

ಈ ಅಳತೆಯಲ್ಲಿ ನಾವು ಎಚ್ಚರದಿಂದಿರಬೇಕು. ಆದವಾನಿ ಸೀಮೆಯ ‘ಮಾಧವರಂ’ ಎಂಬ ಹೆಸರಿನಲ್ಲಿ ದೀರ್ಘ, ಅನುಸ್ವಾರಗಳೂ ಸೇರಿ ಯೂನಿಕೋಡ್ ಸಂಕೇತಗಳು 6. ಕೆನ್ ಥಾಂಪ್ಸನ್, ರಾಬ್ ಪೈಕ್ ಇವರು 1992ರಲ್ಲಿ ರೂಪಿಸಿದ ಯುಟಿಎಫ್-8 ಕ್ರಮದಲ್ಲಿ ಒಂದೊಂದಕ್ಕೆ 3 ಬೈಟುಗಳಂತೆ ಒಟ್ಟು 18. ತೆಲುಗಿಗೂ ಇದೇ ಲೆಕ್ಕ. ಇಂಗ್ಲಿಷ್ ಅಕ್ಷರಕ್ಕಾದರೋ 1 ಸಾಕು. ಅಳತೆಯನ್ನು 6 ಬೈಟು ಎಂದು ಬರೆದರೆ ಬ್ರೌಸರು ‘ಮಾ’ ಎಂಬಷ್ಟನ್ನೇ ಸ್ವೀಕರಿಸುವುದು. ಊರಿನ ಹೆಸರು ತುಂಡಾಗುವುದು.

ಸಿದ್ಧ ಚೌಕಟ್ಟು ಈ ಲೆಕ್ಕವನ್ನು ಮರೆಯಲ್ಲಿ ಮಾಡಿಬಿಡುತ್ತದೆ. ತಾನೇ ಕಟ್ಟಿದವನಿಗೆ ಅದು ಕಣ್ಣಾರೆ ಕಾಣುತ್ತದೆ. ಗಡಿನಾಡಿನ ಕನ್ನಡವು ತೆರೆಯ ಮೇಲೆ ಪೂರ್ಣವಾಗಿ ಮೂಡಬೇಕಾದರೆ ಇದನ್ನು ಬಲ್ಲ ಮಕ್ಕಳು ನಮ್ಮ ಶಾಲೆಗಳಿಂದಲೇ ಬರಬೇಕು.