ಷೆಲ್ ಆಜ್ಞಾವಳಿಯ ಪ್ರಥಮಾಭ್ಯಾಸಗಳು: ಕೊಬ್ಬರಿ ಲೆಕ್ಕದ ಉದಾಹರಣೆಯೊಡನೆ

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ತಾಲ್ಲೂಕುಗಳ ವಿದ್ಯಾರ್ಥಿಗೆ ಚಿಪ್ಪು, ತಿರುಳು ಎಂಬ ಮಾತುಗಳನ್ನು ವಿವರಿಸಬೇಕಾದುದಿಲ್ಲ. ಗಣಕಶಾಸ್ತ್ರದಲ್ಲಿಯೂ ಇವೇ ಹೆಸರುಗಳು ರೂಢಿಯಲ್ಲಿವೆ. ಯಂತ್ರದ ಸ್ಮೃತಿ, ಕಡತ ಮೊದಲಾದುವನ್ನು ಆಳುವ ಒಳಭಾಗವು ಕರ್ನಲ್, ಎಂದರೆ ತಿರುಳು. ಬಳಸುವವನ ಮಾತನ್ನು ಅದಕ್ಕೆ ಮುಟ್ಟಿಸುವ ಹೊರಭಾಗವು ಷೆಲ್, ಎಂದರೆ ಚಿಪ್ಪು. ಯೂನಿಕ್ಸ್ ವ್ಯವಸ್ಥೆಯ ಮೊದಲ ಷೆಲ್ಲನ್ನು ಕೆನ್ ಥಾಂಪ್ಸನ್ ಅವರು 1971ರಲ್ಲಿ ರಚಿಸಿದರು. 1979ರಲ್ಲಿ ಸ್ಟೀಫನ್ ಬೋರ್ನ್ ಅವರ ಷೆಲ್ಲೂ 1989ರಲ್ಲಿ ಬ್ರಯಾನ್ ಫಾಕ್ಸ್ ಅವರ ಬ್ಯಾಷ್ ಷೆಲ್ಲೂ ಹೊರಬಂದುವು. ಷೆಲ್ಲಿಗೆ ಕೊಡಬೇಕಾದ ಆಜ್ಞೆಗಳನ್ನು ಒಂದು ಕಡತದಲ್ಲಿ ಅನುಕ್ರಮವಾಗಿ ಬರೆದಿಟ್ಟರೆ ಅದೇ ಷೆಲ್ ಸ್ಕ್ರಿಪ್ಟ್.

ಹೊಸಬರಿಗೆ ಕೊಡುವ ಅಭ್ಯಾಸಗಳು ಸಾಮಾನ್ಯವಾಗಿ ಎರಡು ಬಗೆಯವು: ಬಳಸುವವನಿಂದ ಉತ್ತರವನ್ನು ಕೇಳಿ ಪಡೆಯುವುದು, ಕಡತದಲ್ಲಿ ಬರೆಯುವುದು ಅಥವಾ ಅಳಿಸುವುದು. ಇವೆರಡರ ನಡುವೆ ಪರೀಕ್ಷೆಯೆಂಬ ಹಂತವೊಂದನ್ನು ಮೊದಲ ದಿನದಿಂದಲೇ ಕಲಿಸತಕ್ಕದ್ದೆಂಬುದು ನಮ್ಮ ಅಭಿಪ್ರಾಯ. ಇದನ್ನು ಕೊಬ್ಬರಿ ಲೆಕ್ಕದ ಮೂರು ಅಭ್ಯಾಸಗಳಿಂದ ತೋರಿಸುವೆವು. ಊರಿಗೊಂದು ಕಡತ, ಬೆಳೆಗಾರನಿಗೊಂದು ಸಾಲು, ಸಾಲಿನಲ್ಲಿ ಹೆಸರು ಮತ್ತು ಕಿಲೋಗ್ರಾಂ ತೂಕ ಎಂದಿಟ್ಟುಕೊಳ್ಳೋಣ. ಈ ಸೀಮೆಯ ಉಂಡೆ ಕೊಬ್ಬರಿಗೆ ಕಾಯಿಯು ಅಟ್ಟದ ಮೇಲೆ ಹತ್ತು ಹನ್ನೆರಡು ತಿಂಗಳು ಒಣಗಬೇಕು. ಆದುದರಿಂದ ಕಡತದ ಒಂದು ಸಾಲೆಂದರೆ ಒಂದು ಮನೆಯ ಒಂದು ವರ್ಷದ ದುಡಿಮೆ.

ಮೊದಲನೆಯದು ತೂಕವನ್ನು ಕೇಳುವ ಅಭ್ಯಾಸ. 'ರೀಡ್' ಎಂಬ ಆಜ್ಞೆಯು ಕೀಲಿಮಣೆಯಲ್ಲಿ ಒತ್ತಿದ ಸಾಲನ್ನು ಓದಿ, ನಾವು ಹೆಸರಿಸಿದ ಚರದಲ್ಲಿ ಇಡುತ್ತದೆ. ಅದು ಸಂಖ್ಯೆಯೋ ಅಲ್ಲವೋ ಎಂದು ವಿಚಾರಿಸುವುದಿಲ್ಲ. 120 ಕಿಲೋಗ್ರಾಂ ಎನ್ನುವುದಕ್ಕೆ ಒಬ್ಬನು 0120 ಎಂದು ಒತ್ತಿದನೆನ್ನಿ. ಸೊನ್ನೆಯಿಂದ ಆರಂಭವಾಗುವ ಸಂಖ್ಯೆಯನ್ನು ಬ್ಯಾಷ್ ಲೆಕ್ಕ ಮಾಡುವಾಗ ಎಂಟರ ಮಾನದಲ್ಲಿ ಗ್ರಹಿಸುವುದರಿಂದ ಅದು ಒಂದು ಅರವತ್ತನಾಲ್ಕು ಮತ್ತು ಎರಡು ಎಂಟು, ಒಟ್ಟು 80 ಆಗುತ್ತದೆ. ದೋಷಸೂಚನೆ ಯಾವುದೂ ಬರುವುದಿಲ್ಲ. 2024ರ ಹಂಗಾಮಿಗೆ ಕೇಂದ್ರ ಸರ್ಕಾರವು ಉಂಡೆ ಕೊಬ್ಬರಿಗೆ ನಿಗದಿ ಮಾಡಿದ್ದ ಬೆಂಬಲ ಬೆಲೆ ಕ್ವಿಂಟಲಿಗೆ 12,000 ರೂಪಾಯಿ. ಆ ದರದಲ್ಲಿ ಕಾಣೆಯಾದ 40 ಕಿಲೋಗ್ರಾಮಿನ ಬೆಲೆ 4,800 ರೂಪಾಯಿ. ಆದಕಾರಣ ಬರಿದಾದ ಉತ್ತರ, ಅಂಕಿಯಲ್ಲದ ಅಕ್ಷರವುಳ್ಳ ಉತ್ತರ, ಸೊನ್ನೆಯಿಂದ ಆರಂಭವಾದ ಉತ್ತರ ಈ ಮೂರನ್ನೂ 'ಕೇಸ್' ಆಜ್ಞೆಯಿಂದ ತಿರಸ್ಕರಿಸಿ, ಸರಿಯಾದುದು ಬರುವವರೆಗೆ 'ವೈಲ್' ಆವರ್ತನದಲ್ಲಿ ಮತ್ತೆ ಮತ್ತೆ ಕೇಳಬೇಕು. ಬ್ಯಾಷ್ ಪೂರ್ಣಾಂಕಗಳನ್ನು ಮಾತ್ರ ಬಲ್ಲದು. ಹನ್ನೆರಡೂವರೆ ಕ್ವಿಂಟಲನ್ನು 1250 ಕಿಲೋಗ್ರಾಂ ಎಂದೇ ಬರೆಯಿಸಬೇಕು.

ಎರಡನೆಯದು ಸಾಲನ್ನು ಕಡತಕ್ಕೆ ಸೇರಿಸುವ ಅಭ್ಯಾಸ. 'ಎಕೋ' ಆಜ್ಞೆಯ ಮುಂದೆ >> ಎಂಬ ಜೋಡಿ ಚಿಹ್ನೆಯನ್ನಿಟ್ಟರೆ ಹೊಸ ಸಾಲು ಕಡತದ ಕೊನೆಯಲ್ಲಿ ಸೇರುತ್ತದೆ. ಒಂಟಿ ಚಿಹ್ನೆ > ಇಟ್ಟರೆ ಹಳೆಯ ಸಾಲುಗಳೆಲ್ಲವೂ ಅಳಿದು ಹೊಸದೊಂದೇ ಉಳಿಯುತ್ತದೆ. ಒಂದು ಕೀಲಿಯನ್ನು ಒತ್ತಲು ಮರೆತುದರ ಫಲವಾಗಿ ಊರಿನ ಲೆಕ್ಕವೇ ಹೋಗುವುದೆಂದಾಯಿತು. 'ನೋಕ್ಲಾಬರ್' ಎಂಬ ಆಯ್ಕೆಯನ್ನು ಸ್ಕ್ರಿಪ್ಟಿನ ಆರಂಭದಲ್ಲಿಯೇ ಜಾರಿಗೊಳಿಸಿದರೆ, ಇರುವ ಕಡತವನ್ನು ಒಂಟಿ ಚಿಹ್ನೆಯಿಂದ ಅಳಿಸಲು ಷೆಲ್ ಒಪ್ಪುವುದಿಲ್ಲ. ಬರೆಯುವ ಮೊದಲು 'ಸಿಪಿ' ಆಜ್ಞೆಯಿಂದ ಪ್ರತಿಯೊಂದನ್ನು ತೆಗೆದಿಡುವುದೂ ಲೇಸು.

ಮೂರನೆಯದು ಕಡತವನ್ನು ತೆಗೆದುಹಾಕುವ ಅಭ್ಯಾಸ. ತಿಪಟೂರು ತಾಲ್ಲೂಕಿನಲ್ಲಿ ಕಿಬ್ಬನಹಳ್ಳಿಯೂ ಇದೆ, ಕಿಬ್ಬನಹಳ್ಳಿ ಕ್ರಾಸ್ ಎಂಬುದೂ ಇದೆ. ಎರಡಕ್ಕೂ ಅದೇ ಹೆಸರಿನ ಕಡತಗಳಿರಲಿ. ಬಳಸುವವನು 'ಕಿಬ್ಬನಹಳ್ಳಿ ಕ್ರಾಸ್' ಎಂದು ಉತ್ತರಿಸಿದಾಗ, ಚರವನ್ನು ಉದ್ಧರಣ ಚಿಹ್ನೆಗಳೊಳಗಿಡದೆ 'ಆರ್‌ಎಂ' ಆಜ್ಞೆಗೆ ಕೊಟ್ಟರೆ ಷೆಲ್ ಅದನ್ನು ತೆರಪಿನಲ್ಲಿ ಒಡೆದು ಎರಡು ಹೆಸರುಗಳಾಗಿ ಮಾಡುತ್ತದೆ. ಆಗ ಕಿಬ್ಬನಹಳ್ಳಿಯ ಕಡತವು ನಾಶವಾಗುತ್ತದೆ. 'ಕ್ರಾಸ್' ಎಂಬ ಕಡತವಿಲ್ಲವೆಂಬ ದೂರು ತೆರೆಯ ಮೇಲೆ ಮೂಡುತ್ತದೆ. ತೆಗೆಯಬೇಕೆಂದಿದ್ದ ಕಡತ ಮಾತ್ರ ಹಾಗೆಯೇ ಉಳಿಯುತ್ತದೆ. ಚರವನ್ನು "$ಊರು" ಎಂಬಂತೆ ಜೋಡಿ ಉದ್ಧರಣದೊಳಗೆ ಬರೆಯುವುದೇ ಇದಕ್ಕೆ ಪರಿಹಾರ. (ಚರದ ಹೆಸರನ್ನೂ ಆಜ್ಞೆಗಳನ್ನೂ ಇಲ್ಲಿ ಕನ್ನಡ ಲಿಪಿಯಲ್ಲಿ ಕೊಟ್ಟಿದ್ದೇವೆ, ಯಂತ್ರಕ್ಕೆ ಇಂಗ್ಲಿಷ್ ಲಿಪಿಯಲ್ಲಿಯೇ ಕೊಡಬೇಕು.) ಜೊತೆಗೆ 'ಟೆಸ್ಟ್' ಆಜ್ಞೆಯಿಂದ ಕಡತ ಇದೆಯೇ ಎಂದು ನೋಡಿ, ಅದರ ಹೆಸರನ್ನು ತೆರೆಯ ಮೇಲೆ ತೋರಿಸಿ, ಹೌದೆಂಬ ಉತ್ತರ ಪಡೆದ ಬಳಿಕವೇ ಅಳಿಸಬೇಕು.

ಈ ಮೂರರಲ್ಲಿಯೂ ಷೆಲ್ ತಪ್ಪು ಮಾಡಲಿಲ್ಲ, ಹೇಳಿದುದನ್ನೇ ಮಾಡಿತು. ಚೀಲವನ್ನು ತೂಕಕ್ಕೆ ಇಟ್ಟವನು ಮುಳ್ಳು ನಿಂತ ಮೇಲೆಯೇ ಅಂಕಿಯನ್ನು ಬರೆಯುತ್ತಾನೆ. ಕೇಳುವುದು, ಪರೀಕ್ಷಿಸುವುದು, ಅನಂತರ ಬರೆಯುವುದು ಎಂಬ ಈ ಕ್ರಮವು ಕೈಗೆ ಹತ್ತಿದ ವಿದ್ಯಾರ್ಥಿಯು ಮುಂದೆ ಮೂರು ತಾಲ್ಲೂಕುಗಳ ಕಡತಗಳನ್ನು ಸಾಲುಸಾಲಾಗಿ ಓದಿ ಮೊತ್ತ ತೆಗೆಯುವ ಸ್ಕ್ರಿಪ್ಟನ್ನು ತಾನೇ ರಚಿಸಬಲ್ಲನು; ಆ ಮೊತ್ತವನ್ನು ಬೆಳೆಗಾರನೂ ನಂಬಬಹುದು.