‘ಬೆಂಗಳೂರಿದೆಯಲ್ಲ’ ಎನ್ನುವ ನಮ್ಮೂರು

ತುಮಕೂರಿನವರು ಎಂದಾಕ್ಷಣ ಎದುರಿನವರು ಹೇಳುವುದು ಒಂದೇ ಮಾತು: ‘ಓ, ಬೆಂಗಳೂರಿಗೆ ಹತ್ತಿರ ಬಿಡಿ’. ಹೌದು, ಬರೀ 70 ಕಿಲೋಮೀಟರ್. ಸೈಟು ಮಾರುವವರು, ಮನೆ ಬಾಡಿಗೆಗೆ ಕೊಡುವವರು, ಗಂಡು–ಹೆಣ್ಣು ನೋಡುವವರು ಎಲ್ಲರೂ ಇದನ್ನೇ ಊರಿನ ದೊಡ್ಡ ಗುಣ ಎಂದು ಎಣಿಸುತ್ತಾರೆ. ಇಲ್ಲೇ ಹುಟ್ಟಿ, ಇಲ್ಲೇ ಮೆಕ್ಯಾನಿಕಲ್ ಬಿ.ಇ. ಓದುತ್ತಿರುವ ನನಗೆ ಈ ‘ಹತ್ತಿರ’ಕ್ಕೆ ನಾವು ತೆರುತ್ತಿರುವ ಬೆಲೆ ಈಗೀಗ ಕಾಣುತ್ತಿದೆ.

ಊರು ಚೆನ್ನಾಗಿಯೇ ಇದೆ. 2011ರ ಜನಗಣತಿಯಲ್ಲಿ ಇಲ್ಲಿದ್ದವರು ಸುಮಾರು 3 ಲಕ್ಷ ಜನ. ತೀರಾ ಚಿಕ್ಕದಲ್ಲ, ಕಳೆದುಹೋಗುವಷ್ಟು ದೊಡ್ಡದೂ ಅಲ್ಲ. ಬೆಳಿಗ್ಗೆ ಅಮಾನಿಕೆರೆ ಏರಿ ಮೇಲೆ ವಾಕಿಂಗ್, ಹಸಿವಾದರೆ ಕ್ಯಾತ್ಸಂದ್ರದ ತಟ್ಟೆ ಇಡ್ಲಿ, ಬೇಸರವಾದರೆ ಗಾಡಿ ಹತ್ತಿ ದೇವರಾಯನದುರ್ಗ. ಬಿ.ಎಚ್. ರಸ್ತೆಯಲ್ಲಿ ಗೆಳತಿಯರ ಜೊತೆ ಪಾನಿಪುರಿ ತಿಂದ ಸುದ್ದಿ ನನಗಿಂತ ಮೊದಲೇ ಮನೆ ಮುಟ್ಟಿರುತ್ತದೆ. ಅದೊಂದು ಕಿರಿಕಿರಿ ನಿಜ. ಆದರೆ ಲ್ಯಾಬ್ ಮುಗಿಸಿ ಕತ್ತಲಲ್ಲಿ ಒಬ್ಬಳೇ ಬರುವಾಗ ಅದೇ ಧೈರ್ಯ.

ನಮ್ಮಕ್ಕನಿಗೆ ಮಾತ್ರ ಈ ಊರು ಭಾನುವಾರವಷ್ಟೇ ಕಾಣುತ್ತದೆ. ಎರಡು ವರ್ಷದಿಂದ ಬೆಂಗಳೂರಿನ ಕೆಲಸಕ್ಕೆ ರೈಲಿನಲ್ಲಿ ಓಡಾಡುತ್ತಿದ್ದಾಳೆ. ಮನೆ ಬಿಡುವುದು ಆರೂವರೆಗೆ, ಬಂದು ಚಪ್ಪಲಿ ಬಿಡುವುದು ರಾತ್ರಿ ಎಂಟೂವರೆಗೆ. ಹೋಗಿ ಬರಲು ರೈಲಿನಲ್ಲೇ ಸುಮಾರು ಮೂರು ಗಂಟೆ, ಸ್ಟೇಷನ್ನಿನಿಂದ ಆಫೀಸಿಗೆ ಓಡಾಡಲು ಇನ್ನೂ ಎರಡು. ಹಿರೇಹಳ್ಳಿ, ನಿಡವಂದ, ದೊಡ್ಡಬೆಲೆ ಎಂದು ನಿಲ್ದಾಣಗಳ ಹೆಸರು ಕಣ್ಣು ಮುಚ್ಚಿಯೂ ಹೇಳುತ್ತಾಳೆ. ನಮ್ಮ ಬೀದಿಗೆ ಹೊಸದಾಗಿ ಬಂದವರು ಯಾರೆಂದು ಮಾತ್ರ ಅವಳಿಗೆ ಗೊತ್ತಿಲ್ಲ. ಅವಳಂಥವರು ಬೀದಿಗೆ ನಾಲ್ಕೈದು ಮಂದಿ. ಹಗಲಲ್ಲಿ ನಮ್ಮ ಬಡಾವಣೆಯಲ್ಲಿ ಉಳಿಯುವವರು ವಯಸ್ಸಾದವರು, ಮಕ್ಕಳು ಮತ್ತು ನಮ್ಮಂಥ ವಿದ್ಯಾರ್ಥಿಗಳು.

ಇದಕ್ಕಿಂತ ನನ್ನನ್ನು ಕಾಡುವುದು ಇನ್ನೊಂದು. ಇಲ್ಲಿ ಏನು ಬೇಕೆಂದರೂ ಒಂದು ಸಿದ್ಧ ಉತ್ತರವಿದೆ: ‘ಬೆಂಗಳೂರಿದೆಯಲ್ಲ’. ಬೇಕಾದ ಪುಸ್ತಕ ಸಿಗಲಿಲ್ಲವೇ? ಬೆಂಗಳೂರಿದೆಯಲ್ಲ. ಅಜ್ಜಿಯ ಹೃದಯದ ತೊಂದರೆಗೆ ದೊಡ್ಡ ಡಾಕ್ಟರು? ಬೆಂಗಳೂರಿದೆಯಲ್ಲ. ಒಳ್ಳೆಯ ನಾಟಕ, ಪ್ರಾಜೆಕ್ಟಿಗೆ ಬೇಕಾದ ಬಿಡಿಭಾಗ, ಕೊನೆಗೆ ಕೆಲಸ, ಎಲ್ಲಕ್ಕೂ ಅದೇ. ದೂರದ ಊರುಗಳಿಗೆ ಈ ಅನುಕೂಲ ಇರಲಿಲ್ಲ. ಅದಕ್ಕೇ ಇರಬೇಕು, ಅಲ್ಲಿನವರು ಬೇಕಾದ್ದನ್ನು ತಾವೇ ಕಟ್ಟಿಕೊಂಡರು. ಧಾರವಾಡದಲ್ಲಿ ಮನೋಹರ ಗ್ರಂಥಮಾಲೆ 1933ರಲ್ಲೇ ಶುರುವಾಯಿತು, 1950ರ ಹೊತ್ತಿಗೆ ವಿಶ್ವವಿದ್ಯಾಲಯವೂ ಬಂತು. ನಮ್ಮೂರಿಗೆ ವಿಶ್ವವಿದ್ಯಾಲಯ ಬಂದದ್ದು 2004ರಲ್ಲಿ.

ಹಾಗೆಂದು ದಾರಿ ಯಾವಾಗಲೂ ಒಂದೇ ಕಡೆಗೆ ಇರಲಿಲ್ಲ. ಇಲ್ಲಿಂದ 20 ಕಿಲೋಮೀಟರ್ ದೂರದ ಗುಬ್ಬಿಯಲ್ಲಿ 1884ರಲ್ಲಿ ಹುಟ್ಟಿದ ನಾಟಕ ಕಂಪನಿ, ಗುಬ್ಬಿ ವೀರಣ್ಣನವರ ಕಾಲದಲ್ಲಿ ಬೆಂಗಳೂರಿಗೇ ನಾಟಕ ತೋರಿಸಿತು. ಸಿದ್ಧಗಂಗಾ ಮಠದಲ್ಲಿ ಉಳಿದು ಓದಲು ಇವತ್ತಿಗೂ ರಾಜ್ಯದ ಎಲ್ಲ ಮೂಲೆಗಳಿಂದ ಮಕ್ಕಳು ಬರುತ್ತಾರೆ. ಅದೇ ಗುಬ್ಬಿ ತಾಲ್ಲೂಕಿನಲ್ಲಿ 2023ರಲ್ಲಿ ಎಚ್‌ಎಎಲ್‌ನ ಹೆಲಿಕಾಪ್ಟರ್ ಕಾರ್ಖಾನೆ ಉದ್ಘಾಟನೆಯಾಯಿತು. ಜನ ನಮ್ಮ ಕಡೆಗೂ ಬರಬಲ್ಲರು, ಬರಲು ಇಲ್ಲಿ ಕಾರಣವೊಂದು ಇರಬೇಕು ಅಷ್ಟೇ.

2025ರಲ್ಲಿ ರಾಮನಗರ ಜಿಲ್ಲೆ ‘ಬೆಂಗಳೂರು ದಕ್ಷಿಣ’ ಆಯಿತು. ಆಮೇಲೆ ನಮ್ಮ ಜಿಲ್ಲೆಗೂ ‘ಬೆಂಗಳೂರು ಉತ್ತರ’ ಎಂಬ ಹೆಸರಿನ ಮಾತು ಕೇಳಿಬಂತು. ಹಾಗಾದರೆ ಸೈಟಿಗೆ ಒಳ್ಳೆ ರೇಟು ಬರುತ್ತದೆ ಎಂದು ನಮ್ಮ ದೊಡ್ಡಪ್ಪ ಖುಷಿಪಟ್ಟರು. ಬರಬಹುದು. ಆದರೆ ‘ಟುಮ್ಕೂರ್’ ಹೋಗಿ ಇಂಗ್ಲಿಷಿನಲ್ಲೂ ಅಧಿಕೃತವಾಗಿ ‘ತುಮಕೂರು’ ಆದದ್ದು 2014ರ ನವೆಂಬರ್ 1ರಂದು. ಇಷ್ಟು ಕಷ್ಟಪಟ್ಟು ಸರಿಮಾಡಿಕೊಂಡ ಹೆಸರನ್ನು ಒಂದು ದಿಕ್ಕಿನ ಹೆಸರಿಗೆ ಬಿಟ್ಟುಕೊಡಲು ನನಗಂತೂ ಮನಸ್ಸಿಲ್ಲ.

ಮುಂದಿನ ವರ್ಷ ಕ್ಯಾಂಪಸ್ ಸಂದರ್ಶನ. ಸಂದರ್ಶನ ಇಲ್ಲಿ, ಕೆಲಸ ಅಲ್ಲಿ. ಬೆಂಗಳೂರಿನ ಪಿ.ಜಿ.ಯೋ, ಅಕ್ಕನ ಜೊತೆ ರೈಲಿನ ಪಾಸೋ ಎಂದು ಅಮ್ಮ ಈಗಲೇ ಲೆಕ್ಕ ಹಾಕುತ್ತಿದ್ದಾರೆ. ನಾನು ಮೂರನೆಯ ದಾರಿಯೊಂದನ್ನು ಹುಡುಕುತ್ತಿದ್ದೇನೆ: ಈ ರಜೆಯಲ್ಲಿ ವಸಂತನರಸಾಪುರದ ಕೈಗಾರಿಕಾ ಪ್ರದೇಶದಲ್ಲಿ ಇಂಟರ್ನ್‌ಶಿಪ್‌ಗಾಗಿ ನಾಲ್ಕು ಕಡೆ ಅರ್ಜಿ ಕೊಟ್ಟಿದ್ದೇನೆ. ಬೆಂಗಳೂರಿನಷ್ಟು ಸಂಬಳ ಇಲ್ಲಿ ಸಿಗಲಿಕ್ಕಿಲ್ಲ. ಆದರೆ ಅಕ್ಕ ದಿನಾ ರೈಲಿಗೆ, ಬಸ್ಸಿಗೆ ಕೊಡುವ ಐದು ಗಂಟೆ ನನ್ನ ಕೈಯಲ್ಲಿ ಉಳಿಯುತ್ತದೆ. ಆ ಐದು ಗಂಟೆಯಲ್ಲಿ ಇಲ್ಲೇ ಏನಾದರೂ ಶುರು ಮಾಡಬಹುದು. ಇಲ್ಲಿ ಮಲಗುವವರು ಬಹಳ ಮಂದಿ ಇದ್ದಾರೆ, ಎದ್ದು ಓಡಾಡುವವರೂ ಕೆಲವರು ಬೇಕಲ್ಲ.